ಒಂದೇ ಚೀಟಿಯ ಎರಡು ಗುಳಿಗಿ: ಯಲ್ಲಾಪ್ರಗಡ ಸುಬ್ಬರಾವ್

ಈ ಸಂಚಿಕೆಯ ವ್ಯಕ್ತಿಚಿತ್ರಕ್ಕೆ ಯಾರನ್ನು ಆರಿಸಬೇಕು ಅಂತ ನಮ್ಮ ಕನ್ನಡ ಸಂಘದಾಗ ಎರಡು ದಿನ ಚರ್ಚೆ ನಡೀತು. ಸರ್ ಎಂ.ವಿ. ಬಗ್ಗೆ ಪ್ರತಿ ಸೆಪ್ಟೆಂಬರಿಗೂ ಬರೀತೀವಿ, ಕಲಾಂ ಬಗ್ಗೆ ಪ್ರತಿ ಅಕ್ಟೋಬರಿಗೂ ಬರೀತೀವಿ. ಬೇರೆ ಯಾರಾದ್ರೂ ಬೇಕು ಅನ್ನೋದಷ್ಟೇ ತೀರ್ಮಾನ ಆಗಿತ್ತು. ಅಷ್ಟರಾಗ ನಮ್ಮಲ್ಲೊಬ್ಬ, ಔರಾದ ಸೀಮೆಯ ಡಾಬಕಾದವ, ತನ್ನ ಅವ್ವನ ದವಾಖಾನಿ ಚೀಟಿಯ ಫೋಟೊ ಗ್ರೂಪಿಗೆ ಹಾಕಿದ. ಆರು ತಿಂಗಳಿಂದ ಅವ್ವನಿಗೆ ಬೆಳಗ್ಗೆ ಎದ್ದಾಗ ಬೆರಳು ಮಡಚಲಿಕ್ಕೆ ಆಗ್ತಿರಲಿಲ್ಲ. ಮಣಿಕಟ್ಟು ಬಾತು, ರೊಟ್ಟಿ ಬಡಿಯೋದು ನಿಂತಿತ್ತು. ವಯಸ್ಸಾತು, ವಾಯು ಅದ ಅಂತ ಊರಾಗ ಎಲ್ಲರೂ ಹೇಳಿದ್ರು. ಕೊನೆಗೆ ರಕ್ತ ಪರೀಕ್ಷೆ ಮಾಡಿಸಿದಾಗ ರುಮಟಾಯ್ಡ್ ಆರ್ಥ್ರೈಟಿಸ್ ಅಂತ ಗೊತ್ತಾಯಿತು.

ಚೀಟಿಯಲ್ಲಿ ಮುಖ್ಯವಾಗಿ ಎರಡು ಗುಳಿಗಿ ಇದ್ದವು. ಒಂದು ಮೆಥೋಟ್ರೆಕ್ಸೇಟ್, ವಾರಕ್ಕೆ ಒಂದೇ ದಿನ. ಇನ್ನೊಂದು ಫೋಲಿಕ್ ಆ್ಯಸಿಡ್, ಬೇರೆ ದಿನ. ಪಕ್ಕದ ಮನೆಯ ಕಾಲೇಜು ಹುಡುಗ ಮೊಬೈಲಿನಾಗ ಹೆಸರು ಹುಡುಕಿ, ಇದು ಕ್ಯಾನ್ಸರಿನ ಔಷಧ ಅಂತ ಹೇಳಿಬಿಟ್ಟ. ಅವತ್ತಿನಿಂದ ಗುಳಿಗಿ ಡಬ್ಬಿಯಲ್ಲೇ ಉಳಿದವು. ತನಗೆ ಕ್ಯಾನ್ಸರ್ ಆಗಿರೋದನ್ನು ಮಕ್ಕಳು ಮುಚ್ಚಿಟ್ಟಾರ ಅಂತ ಆ ತಾಯಿ ಅಳುತ್ತಾ ಕೂತಿದ್ದರಂತೆ.

ಗೆಳೆಯ ಅವ್ವನನ್ನು ಮತ್ತೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದ, ಅದು ಸರಿಯಾದ ದಾರಿ. ನಾವು ಮಾತ್ರ ಆ ಎರಡು ಗುಳಿಗಿಗಳ ಹಿಂದೆ ಬಿದ್ದೆವು. ಎರಡರ ಹಿಂದೆಯೂ ಒಬ್ಬನೇ ಮನುಷ್ಯ ಸಿಕ್ಕ. ಬೀದರಿನಿಂದ ಬಹಳ ದೂರದವನೂ ಅಲ್ಲ, ಪಕ್ಕದ ತೆಲುಗು ನಾಡಿನವನು. ವ್ಯಕ್ತಿಚಿತ್ರದ ಚರ್ಚೆ ಅಲ್ಲಿಗೆ ಮುಗೀತು.

ಯಲ್ಲಾಪ್ರಗಡ ಸುಬ್ಬರಾವ್ ಹುಟ್ಟಿದ್ದು 1895ರ ಜನವರಿ 12ರಂದು, ಗೋದಾವರಿ ಸೀಮೆಯ ಭೀಮವರಂನಲ್ಲಿ. ಆಗ ಅದು ಮದ್ರಾಸ್ ಪ್ರಾಂತ್ಯ. ನಮ್ಮ ಬೀದರ ಆಗ ನಿಜಾಮರ ರಾಜ್ಯದಲ್ಲಿತ್ತು. ಏಳು ಮಕ್ಕಳಲ್ಲಿ ಇವರು ನಾಲ್ಕನೆಯವರು. ತಂದೆ ಜಗನ್ನಾಥಂ ಕಂದಾಯ ಇಲಾಖೆಯ ನೌಕರ. ಆರೋಗ್ಯ ಕೆಟ್ಟು ಬೇಗ ಕೆಲಸ ಬಿಟ್ಟಿದ್ದರಿಂದ ಮನೆಯಲ್ಲಿ ಬಡತನ. ತಾಯಿ ವೆಂಕಮ್ಮ ಗಟ್ಟಿಗಿತ್ತಿ. ಹದಿಮೂರನೇ ವಯಸ್ಸಿಗೆ ಹುಡುಗ ಕಾಶಿಗೆ ಓಡಿಹೋಗಲು ಹೊರಟ. ಸನ್ಯಾಸಿ ಆಗಲಿಕ್ಕಲ್ಲ, ಯಾತ್ರಿಕರಿಗೆ ಬಾಳೆಹಣ್ಣು ಮಾರಿ ದುಡ್ಡು ಮಾಡಲಿಕ್ಕೆ! ದಾರಿಯಲ್ಲೇ ಹಿಡಿದು ಮನೆಗೆ ತಂದು, ಮತ್ತೆ ಶಾಲೆಗೆ ದೂಡಿದರು.

ಮೆಟ್ರಿಕ್ ಪಾಸಾಗಿದ್ದು ಮೂರನೇ ಪ್ರಯತ್ನದಲ್ಲಿ, ಅದೂ ಮದ್ರಾಸಿನ ಹಿಂದೂ ಹೈಸ್ಕೂಲಿಗೆ ಹೋದ ಮೇಲೆ. ಎಂ-3, ಎಂ-4 ಬ್ಯಾಕ್ ಉಳಿಸಿಕೊಂಡು ಈ ಪುಟ ಓದುತ್ತಿರುವ ಗೆಳೆಯರು ಈ ವಾಕ್ಯವನ್ನು ಇನ್ನೊಮ್ಮೆ ಓದಬಹುದು. ಮಗನನ್ನು ಓದಿಸಲು ತಾಯಿ ಒಡವೆ ಮಾರಬೇಕಾಯಿತು. ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಇಂಟರ್ಮೀಡಿಯೆಟ್ ಆದ ಮೇಲೆ ಸುಬ್ಬರಾವ್ ಮನಸ್ಸು ರಾಮಕೃಷ್ಣ ಮಠದ ಕಡೆ ವಾಲಿತು. ತಾಯಿ ಒಪ್ಪಿದರೆ ಮಾತ್ರ ಸೇರಿಸಿಕೊಳ್ಳುತ್ತೇವೆ ಅಂತ ಮಠದವರು ಹೇಳಿದರು. ವೆಂಕಮ್ಮ ಒಪ್ಪಲಿಲ್ಲ. ಸನ್ಯಾಸ ತಪ್ಪಿ, ಮದ್ರಾಸ್ ಮೆಡಿಕಲ್ ಕಾಲೇಜು ಸೇರಿದರು. ಖರ್ಚಿಗೆ ಸ್ನೇಹಿತರು ನೆರವಾದರು, ಮುಂದೆ ಹೆಣ್ಣು ಕೊಟ್ಟ ಮಾವ ಕಸ್ತೂರಿ ಸೂರ್ಯನಾರಾಯಣ ಮೂರ್ತಿಯವರೂ ನೆರವಾದರು. 1919ರಲ್ಲಿ ಶೇಷಗಿರಿ ಎಂಬ ಹುಡುಗಿಯ ಜೊತೆ ಮದುವೆ ಆಯಿತು.

ಗಾಂಧೀಜಿ ವಿದೇಶಿ ಬಟ್ಟೆ ಬಿಡಿ ಅಂದ ಕಾಲ ಅದು. ಸುಬ್ಬರಾವ್ ಶಸ್ತ್ರಚಿಕಿತ್ಸೆ ತರಗತಿಗೂ ಖಾದಿ ಗೌನು ತೊಟ್ಟು ಹೋಗತೊಡಗಿದರು. ಸರ್ಜರಿ ಪ್ರೊಫೆಸರ್ ಬ್ರಾಡ್‌ಫೀಲ್ಡರಿಗೆ ಇದು ಸೇರಲಿಲ್ಲ. ಬರೆದ ಪರೀಕ್ಷೆಗಳು ಚೆನ್ನಾಗಿಯೇ ಆಗಿದ್ದರೂ ಕೈಗೆ ಬಂದದ್ದು ಎಂ.ಬಿ.ಬಿ.ಎಸ್. ಅಲ್ಲ, ಅದಕ್ಕಿಂತ ಕೆಳಗಿನ ಎಲ್.ಎಂ.ಎಸ್. ಸರಕಾರಿ ವೈದ್ಯ ಸೇವೆಯ ಬಾಗಿಲು ತೆರೆಯಲಿಲ್ಲ. ಮದ್ರಾಸಿನಲ್ಲಿ ಡಾ. ಆಚಂಟ ಲಕ್ಷ್ಮೀಪತಿಯವರ ಆಯುರ್ವೇದ ಕಾಲೇಜಿನಲ್ಲಿ ಅಂಗರಚನೆ ಕಲಿಸುವ ಕೆಲಸ ಸಿಕ್ಕಿತು.

ಇಲ್ಲಿಗೆ ಸ್ವಲ್ಪ ನಿಲ್ಲೋಣ. ಇವರ ಬದುಕಿನ ಮುಂದಿನ ಎಲ್ಲಾ ಕೆಲಸಕ್ಕೂ ಬೀಜ ಬಿದ್ದಿದ್ದು ಈ ವರ್ಷಗಳಲ್ಲೇ. ಮನೆಯಲ್ಲಿ ಇಬ್ಬರು ಅಣ್ಣತಮ್ಮಂದಿರು ಕೆಲವೇ ದಿನಗಳ ಅಂತರದಲ್ಲಿ ತೀರಿಹೋದರು. ರೋಗದ ಹೆಸರು ಟ್ರಾಪಿಕಲ್ ಸ್ಪ್ರೂ. ನಿಲ್ಲದ ಭೇದಿ, ನಾಲಿಗೆ ಹುಣ್ಣು, ತಿಂದದ್ದು ಮೈಗೆ ಹತ್ತದೆ ರಕ್ತ ಬತ್ತಿ ಮನುಷ್ಯ ಕಡ್ಡಿಯಾಗುವ ರೋಗ. ಕಾರಣ ಯಾರಿಗೂ ಗೊತ್ತಿರಲಿಲ್ಲ, ಔಷಧವೂ ಇರಲಿಲ್ಲ. ಆಮೇಲೆ ಸುಬ್ಬರಾವ್ ಅವರಿಗೂ ಅದೇ ರೋಗ ಹಿಡಿಯಿತು. ಲಕ್ಷ್ಮೀಪತಿಯವರ ಆಯುರ್ವೇದ ಚಿಕಿತ್ಸೆಯಿಂದ ಬದುಕಿಕೊಂಡರು. ಇಂಗ್ಲಿಷ್ ವೈದ್ಯ ಓದಿದವನನ್ನು ನಾಟಿ ಔಷಧ ಉಳಿಸಿತು. ಅದು ಯಾಕೆ ಕೆಲಸ ಮಾಡಿತು, ಆ ಔಷಧದೊಳಗೆ ಏನಿತ್ತು ಅನ್ನೋ ಪ್ರಶ್ನೆ ಅವರ ತಲೆಯಲ್ಲಿ ಕೂತುಬಿಟ್ಟಿತು. ರೋಗಿಯಾಗಿ ಹಾಸಿಗೆ ಮೇಲೆ ಮಲಗಿದವನಿಗೆ ಮಾತ್ರ ಹುಟ್ಟುವಂಥ ಪ್ರಶ್ನೆ ಇದು ಅಂತ ನಮಗನಿಸುತ್ತದೆ.

ಉಷ್ಣವಲಯದ ರೋಗಗಳನ್ನು ಓದಬೇಕು ಅಂತ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಬರೆದರು. ಪ್ರವೇಶ ಸಿಕ್ಕಿತು, ವಿದ್ಯಾರ್ಥಿವೇತನ ಸಿಗಲಿಲ್ಲ. ಮಾವ ಮತ್ತು ಕಾಕಿನಾಡದ ಮಲ್ಲಾಡಿ ಸತ್ಯಲಿಂಗಂ ನಾಯ್ಕರ್ ಧರ್ಮನಿಧಿ ಕೊಟ್ಟ ಹಣದಿಂದ 1920ರ ದಶಕದ ಮೊದಲಲ್ಲಿ ಹಡಗು ಹತ್ತಿದರು. ಹೆಂಡತಿಗೆ ಮೂರು ವರ್ಷದಲ್ಲಿ ಬರ್ತೀನಿ ಅಂತ ಹೇಳಿ ಹೋದವರು ಮತ್ತೆ ಬರಲೇ ಇಲ್ಲ. ಹುಟ್ಟಿದ ಗಂಡುಮಗು ಕೂಸಾಗಿದ್ದಾಗಲೇ ತೀರಿಕೊಂಡಿತು. ತಂದೆ ಅದರ ಮುಖ ನೋಡಲಿಲ್ಲ. ಇದನ್ನು ಬರೆಯುವಾಗ ನಮಗೆ ಹೊಗಳಿಕೆಯ ಮಾತು ಹೊಳೆಯೋದಿಲ್ಲ. ವಿಜ್ಞಾನಕ್ಕಾಗಿ ತ್ಯಾಗ ಅಂತ ಸುಲಭವಾಗಿ ಬರೆದುಬಿಡಬಹುದು, ಆದರೆ ಆ ತ್ಯಾಗದಲ್ಲಿ ಶೇಷಗಿರಿಯವರ ಪಾಲು ಎಷ್ಟಿತ್ತು ಅನ್ನೋದನ್ನೂ ಲೆಕ್ಕ ಹಿಡಿಯಬೇಕಲ್ಲ.

ಬಾಸ್ಟನ್ನಿನಲ್ಲಿ ಹೊಟ್ಟೆಪಾಡಿಗೆ ಸಿಕ್ಕಿದ್ದು ಪೀಟರ್ ಬೆಂಟ್ ಬ್ರಿಗಮ್ ಎಂಬ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ಆಳಿನ ಕೆಲಸ. ರೋಗಿಗಳ ಮಲಮೂತ್ರದ ಪಾತ್ರೆ ಎತ್ತೋದು, ತೊಳೆಯೋದು. ಹಗಲು ಓದು. ಆಸ್ಪತ್ರೆಯ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗ್ತದ. ಉಷ್ಣವಲಯ ವೈದ್ಯದ ಡಿಪ್ಲೊಮಾ ಮುಗಿಸಿ ಜೀವರಸಾಯನ ವಿಭಾಗಕ್ಕೆ ಸೇರಿ, ಸೈರಸ್ ಫಿಸ್ಕೆ ಎಂಬುವರ ಕೈಕೆಳಗೆ ಕೆಲಸ ಶುರು ಮಾಡಿದರು.

1925ರಲ್ಲಿ ಇಬ್ಬರೂ ಸೇರಿ ರಕ್ತ, ಮೂತ್ರದಲ್ಲಿರುವ ರಂಜಕ ಎಷ್ಟು ಅಂತ ಅಳೆಯುವ ವಿಧಾನ ಪ್ರಕಟಿಸಿದರು. ಮೊಲಿಬ್ಡೇಟ್ ಸೇರಿಸಿ, ನೀಲಿ ಬಣ್ಣ ಬರಿಸಿ, ಬಣ್ಣದ ಗಾಢತೆಯಿಂದ ಪ್ರಮಾಣ ಕಂಡುಹಿಡಿಯೋದು. ಫಿಸ್ಕೆ-ಸುಬ್ಬರಾವ್ ವಿಧಾನ ಅಂತಲೇ ಪ್ರಸಿದ್ಧ. ನಮ್ಮ ಸಿವಿಲ್ ವಿಭಾಗದವರು ಪರಿಸರ ಪ್ರಯೋಗಾಲಯದಲ್ಲಿ ನೀರಿನ ಫಾಸ್ಫೇಟ್ ಪರೀಕ್ಷೆ ಮಾಡುವಾಗ ಬರುವ ನೀಲಿ ಬಣ್ಣವೂ ಅದೇ ಮನೆತನದ್ದು. ಒಳ್ಳೆ ಅಳತೆಗೋಲು ಕೈಗೆ ಬಂದರೆ ಏನಾಗ್ತದ ಅಂತ ಎಂಜಿನಿಯರಿಂಗ್ ಓದುವ ನಮಗೆ ಹೇಳಬೇಕಾಗಿಲ್ಲ. ಈ ಅಳತೆಯಿಂದಲೇ 1927ರಲ್ಲಿ ಸ್ನಾಯುವಿನಲ್ಲಿ ಫಾಸ್ಫೊಕ್ರಿಯಾಟಿನ್ ಸಿಕ್ಕಿತು, 1929ರಲ್ಲಿ ಎ.ಟಿ.ಪಿ. ಸಿಕ್ಕಿತು. ಸ್ನಾಯು ಕೆಲಸ ಮಾಡುವ ಶಕ್ತಿ ಲ್ಯಾಕ್ಟಿಕ್ ಆಮ್ಲದಿಂದ ಬರ್ತದ ಅನ್ನೋ ಅಂದಿನ ನಂಬಿಕೆ, 1922ರ ನೊಬೆಲ್ ಪಡೆದಿದ್ದ ನಂಬಿಕೆ, ಬುಡಸಮೇತ ಅಲುಗಿತು. ಎ.ಟಿ.ಪಿ.ಯನ್ನು ಅದೇ ವರ್ಷ ಜರ್ಮನಿಯ ಕಾರ್ಲ್ ಲೋಮನ್ ಕೂಡ ಕಂಡುಕೊಂಡಿದ್ದರು. ಪಿಯುಸಿ ಜೀವಶಾಸ್ತ್ರದ ಪುಸ್ತಕದಲ್ಲಿ ನಾವು ಬಾಯಿಪಾಠ ಮಾಡಿದ ಎ.ಟಿ.ಪಿ.ಯ ಹಿಂದೆ ಆಸ್ಪತ್ರೆಯ ಪಾತ್ರೆ ತೊಳೆದ ಒಬ್ಬ ಭಾರತೀಯ ಇದ್ದ ಅಂತ ನಮಗ್ಯಾರೂ ಹೇಳಿರಲಿಲ್ಲ.

ಪಿಎಚ್.ಡಿ. 1930ರಲ್ಲಿ ಬಂತು. ಹಾರ್ವರ್ಡಿನಲ್ಲಿ ಕಾಯಂ ಹುದ್ದೆ ಮಾತ್ರ ಬರಲಿಲ್ಲ. ಫಿಸ್ಕೆ ಕೆಳಗೆ ಇವರು ಮಾಡಿದ ಕೆಲವು ಕೆಲಸಗಳು ಹೊರಬರದೆ ಉಳಿದವು, ಅವನ್ನು ಬೇರೆಯವರು ವರ್ಷಗಳ ಮೇಲೆ ಮತ್ತೆ ಕಂಡುಹಿಡಿಯಬೇಕಾಯಿತು ಅಂತ ಅದೇ ಪ್ರಯೋಗಾಲಯದಲ್ಲಿದ್ದ ಜಾರ್ಜ್ ಹಿಚಿಂಗ್ಸ್ ಮುಂದೆ ಹೇಳಿದ್ದಾರೆ. ಸುಬ್ಬರಾವ್ ಬಡಿದಾಡಲಿಲ್ಲ. ಅವರ ಗಮನ ಆಗಲೇ ಲಿವರ್ ಕಡೆ ಹೊರಳಿತ್ತು.

ಲಿವರ್ ಅಂದರೆ ಏನು, ಯಾಕೆ ಅನ್ನೋದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಪರ್ನಿಶಿಯಸ್ ಅನೀಮಿಯಾ ಅಂತ ಒಂದು ರೋಗ ಅದ. ಪರ್ನಿಶಿಯಸ್ ಅಂದರೆ ಕೊಲ್ಲುವಂಥದ್ದು, ಆಗ ಖರೇನೇ ಕೊಲ್ಲುತ್ತಿತ್ತು. ದೇಹದ ಕಾವಲು ವ್ಯವಸ್ಥೆ ದಾರಿ ತಪ್ಪಿ ತನ್ನದೇ ಜಠರದ ಜೀವಕೋಶಗಳ ಮೇಲೆ ಬೀಳ್ತದ. ಆಗ ಬಿ12 ಜೀವಸತ್ವ ಹೀರಿಕೊಳ್ಳಲು ಬೇಕಾದ ಒಂದು ಪ್ರೋಟೀನ್ ತಯಾರಾಗೋದಿಲ್ಲ, ರಕ್ತ ಕೆಡ್ತದ. ಅಂದರೆ ಇದೂ ಡಾಬಕಾದ ಆ ತಾಯಿಯ ಕೀಲುರೋಗದ ಜಾತಿಯದೇ, ಇಂದಿನ ಮಾತಿನಲ್ಲಿ ಆಟೋಇಮ್ಯೂನ್ ರೋಗ. ಆಗ ಆ ಹೆಸರೂ ಇರಲಿಲ್ಲ, ಆ ತಿಳಿವಳಿಕೆಯೂ ಇರಲಿಲ್ಲ. 1926ರಲ್ಲಿ ಬಾಸ್ಟನ್ನಿನ ಜಾರ್ಜ್ ಮಿನೊ ಮತ್ತು ವಿಲಿಯಂ ಮರ್ಫಿ ರೋಗಿಗಳಿಗೆ ದಿನಾ ಲಿವರ್ ತಿನ್ನಿಸಿ ಬದುಕಿಸಿದ್ದರು. ಈ ಮಿನೊ ಸ್ವತಃ ಸಕ್ಕರೆ ಕಾಯಿಲೆಯವರು. 1921ರಲ್ಲಿ ರೋಗ ಗೊತ್ತಾಯಿತು, ಉಪವಾಸದಂಥ ಪಥ್ಯದಲ್ಲಿ ಜೀವ ಹಿಡಿದುಕೊಂಡಿದ್ದರು, 1923ರಲ್ಲಿ ಹೊಸದಾಗಿ ಬಂದ ಇನ್ಸುಲಿನ್ ಚುಚ್ಚಿಕೊಳ್ಳಲು ಶುರು ಮಾಡಿದರು. ಇನ್ಸುಲಿನ್ ಎರಡು ವರ್ಷ ತಡವಾಗಿ ಬಂದಿದ್ದರೆ ಲಿವರ್ ಚಿಕಿತ್ಸೆ ಕಂಡುಹಿಡಿಯಲು ಮಿನೊ ಇರುತ್ತಿರಲಿಲ್ಲವೇನೋ. ಹೊಸ ರೋಗ, ಹೊಸ ಔಷಧ, ಅದರ ಜೊತೆ ಬದುಕೋದು ಅಂದರೇನು ಅಂತ ಅನುಭವಿಸಿದವರೇ ಈ ದಾರಿಯಲ್ಲಿ ಸಾಲಾಗಿ ಸಿಗ್ತಾರ.

ನಮ್ಮ ಕಡೆಯ ಒಂದು ಎಳೆಯೂ ಇದಕ್ಕೆ ಸೇರಿಕೊಳ್ಳುತ್ತದೆ. ಮುಂಬೈ ಗಿರಣಿಗಳಲ್ಲಿ ದುಡಿಯುವ ಬಸುರಿ ಹೆಂಗಸರಿಗೆ ಬರುತ್ತಿದ್ದ ರಕ್ತಹೀನತೆಯನ್ನು ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಅಧ್ಯಯನ ಮಾಡುತ್ತಿದ್ದರು. ಯೀಸ್ಟಿನಿಂದ ಮಾಡುವ ಮಾರ್ಮೈಟ್ ಎಂಬ ಅಗ್ಗದ ಪದಾರ್ಥ ತಿನ್ನಿಸಿದರೆ ಅವರು ಚೇತರಿಸಿಕೊಳ್ಳುತ್ತಾರೆ ಅಂತ 1931ರಲ್ಲಿ ವಿಲ್ಸ್ ಪ್ರಕಟಿಸಿದರು. ಯೀಸ್ಟಿನಲ್ಲೂ ಇದೆ, ಲಿವರಿನಲ್ಲೂ ಇದೆ, ಆದರೆ ಅದು ಏನು? 1941ರಲ್ಲಿ ಟೆಕ್ಸಾಸಿನಲ್ಲಿ ನಾಲ್ಕು ಟನ್ ಪಾಲಕ್ ಸೊಪ್ಪು ಸಂಸ್ಕರಿಸಿ ಚಿಟಿಕೆಯಷ್ಟು ಪದಾರ್ಥ ತೆಗೆದವರು ಅದಕ್ಕೆ ಫೋಲಿಕ್ ಆ್ಯಸಿಡ್ ಅಂತ ಹೆಸರಿಟ್ಟರು. ಎಲೆಗೆ ಲ್ಯಾಟಿನ್ನಿನಲ್ಲಿ ಫೋಲಿಯಂ ಅಂತಾರ, ಅದರಿಂದ ಬಂದ ಹೆಸರು.

ಸುಬ್ಬರಾವ್ 1940ರಲ್ಲಿ ಹಾರ್ವರ್ಡ್ ಬಿಟ್ಟು ನ್ಯೂಯಾರ್ಕ್ ಹತ್ತಿರದ ಪರ್ಲ್ ರಿವರ್ ಊರಿನ ಲೆಡರ್ಲಿ ಔಷಧ ಕಂಪನಿಗೆ ಸೇರಿದ್ದರು. ಸ್ವಲ್ಪ ದಿನದಲ್ಲೇ ಅಲ್ಲಿನ ಸಂಶೋಧನೆಗೆಲ್ಲ ಮುಖ್ಯಸ್ಥರಾದರು. ವಿಶ್ವವಿದ್ಯಾಲಯ ಕೊಡದ ಜಾಗವನ್ನು ಕಂಪನಿ ಕೊಟ್ಟಿತು. ಅವರ ತಂಡ 1945ರಲ್ಲಿ ಫೋಲಿಕ್ ಆ್ಯಸಿಡ್ಡನ್ನು ಪ್ರಯೋಗಾಲಯದಲ್ಲೇ ಕಟ್ಟಿತು. ಇನ್ನು ಟನ್‌ಗಟ್ಟಲೆ ಸೊಪ್ಪು ಬೇಡ, ಕೆ.ಜಿ.ಗಟ್ಟಲೆ ಲಿವರ್ ಬೇಡ. ಪರ್ನಿಶಿಯಸ್ ಅನೀಮಿಯಾಕ್ಕೆ ಅದು ಪೂರ್ತಿ ಉತ್ತರ ಆಗಲಿಲ್ಲ. ರಕ್ತ ಸರಿ ಆದರೂ ನರಗಳು ಹಾಳಾಗೋದು ನಿಲ್ಲಲಿಲ್ಲ. ಅದಕ್ಕೆ ಬೇಕಾದ ಬಿ12 ಬೇರೆಯವರ ಕೈಗೆ 1948ರಲ್ಲಿ ಸಿಕ್ಕಿತು. ಆದರೆ ಸ್ಪ್ರೂ ರೋಗಿಗಳ ಮೇಲೆ ಫೋಲಿಕ್ ಆ್ಯಸಿಡ್ ಚೆನ್ನಾಗಿ ಕೆಲಸ ಮಾಡಿತು. ಅಣ್ಣತಮ್ಮಂದಿರನ್ನು ಒಯ್ದ ಸ್ಪ್ರೂ! ಇಷ್ಟೇ ಅಲ್ಲ. ಇವರ ನಿರ್ದೇಶನದಲ್ಲೇ, 70 ದಾಟಿದ ಸಸ್ಯವಿಜ್ಞಾನಿ ಬೆಂಜಮಿನ್ ಡಗ್ಗರ್ ಮಣ್ಣಿನ ಸೂಕ್ಷ್ಮಜೀವಿಯಿಂದ ಆರಿಯೊಮೈಸಿನ್ ತೆಗೆದರು. ಟೆಟ್ರಾಸೈಕ್ಲಿನ್ ವಂಶದ ಮೊಟ್ಟಮೊದಲ ಔಷಧ ಅದು. ಇಂದು ಟ್ರಾಪಿಕಲ್ ಸ್ಪ್ರೂಗೆ ಕೊಡುವ ಚಿಕಿತ್ಸೆ ಅಂದರೆ ಫೋಲಿಕ್ ಆ್ಯಸಿಡ್ ಮತ್ತು ಟೆಟ್ರಾಸೈಕ್ಲಿನ್, ಎರಡೂ.

ಬೀದರ, ಕಲಬುರಗಿ, ಯಾದಗಿರಿ ಕಡೆಯ ನಮಗೆ ಇನ್ನೊಂದು ಋಣವೂ ಇದೆ. ಆನೆಕಾಲು ರೋಗ ಬರಬಾರದು ಅಂತ ಆಶಾ ಅಕ್ಕಂದಿರು ಮನೆಬಾಗಿಲಿಗೆ ಬಂದು, ಎದುರಿಗೇ ನುಂಗಿ ಅಂತ ಡಿ.ಇ.ಸಿ. ಗುಳಿಗಿ ಕೊಡ್ತಾರಲ್ಲ, ಊಟ ಮಾಡೀರೇನ್ರಿ ಅಂತ ಕೇಳಿ ಕೈಯಾಗ ಇಡ್ತಾರಲ್ಲ, ಆ ಡೈಈಥೈಲ್‌ಕಾರ್ಬಮಜಿನ್ 1947ರಲ್ಲಿ ಹೆಟ್ರಜಾನ್ ಎಂಬ ಹೆಸರಲ್ಲಿ ಹೊರಬಂದದ್ದು ಇದೇ ಸುಬ್ಬರಾವ್ ತಂಡದಿಂದ. ನಮ್ಮಲ್ಲಿ ಬಹಳ ಮಂದಿ ಇವರ ಹೆಸರು ಕೇಳುವ ಮೊದಲೇ ಇವರ ಔಷಧ ನುಂಗಿದ್ದೇವೆ.

ಈಗ ಚೀಟಿಯ ಮೊದಲ ಗುಳಿಗಿಗೆ ಬರೋಣ. ಬಾಸ್ಟನ್ನಿನ ಮಕ್ಕಳ ಆಸ್ಪತ್ರೆಯಲ್ಲಿ ಸಿಡ್ನಿ ಫಾರ್ಬರ್ ಎಂಬ ರೋಗಶಾಸ್ತ್ರಜ್ಞರಿದ್ದರು. ರಕ್ತದ ಕ್ಯಾನ್ಸರ್ ಆದ ಮಕ್ಕಳಿಗೆ ಫೋಲಿಕ್ ಆ್ಯಸಿಡ್ ವಂಶದ ಪದಾರ್ಥ ಕೊಟ್ಟಾಗ ರೋಗ ಇಳಿಯುವ ಬದಲು ಏರಿದಂತೆ ಅವರಿಗೆ ಕಂಡಿತು. ಹಾಗಾದರೆ ಫೋಲಿಕ್ ಆ್ಯಸಿಡ್ಡಿಗೆ ಅಡ್ಡಗಾಲು ಹಾಕುವ ಪದಾರ್ಥ ಕೊಟ್ಟರೆ? ಹಾರ್ವರ್ಡ್ ಕಾಲದ ಪರಿಚಯದ ಸುಬ್ಬರಾವ್ ಅವರನ್ನು ಕೇಳಿದರು. ಲೆಡರ್ಲಿಯ ರಸಾಯನ ತಂಡ ಫೋಲಿಕ್ ಆ್ಯಸಿಡ್ಡಿನ ಅಣುವಿನಲ್ಲೇ ಒಂದಿಷ್ಟು ಬದಲಾಯಿಸಿ ಅಮಿನೊಪ್ಟೆರಿನ್ ಮಾಡಿಕೊಟ್ಟಿತು. ನೋಡಲು ಫೋಲಿಕ್ ಆ್ಯಸಿಡ್ಡೇ, ಕೆಲಸಕ್ಕೆ ಬಾರದ್ದು. ಮೊಬೈಲ್ ಚಾರ್ಜಿಂಗ್ ಪೋರ್ಟಿನಾಗ ಮುರಿದು ಸಿಕ್ಕಿಕೊಂಡ ಪಿನ್ನು ನೆನಪಿಸಿಕೊಳ್ಳಿ. ತಾನೂ ಚಾರ್ಜ್ ಮಾಡೋದಿಲ್ಲ, ಬೇರೆಯದಕ್ಕೂ ಜಾಗ ಬಿಡೋದಿಲ್ಲ. 1948ರ ಜೂನಿನಲ್ಲಿ ಫಾರ್ಬರ್ ಫಲಿತಾಂಶ ಪ್ರಕಟಿಸಿದರು. 16 ಮಕ್ಕಳಲ್ಲಿ 10 ಮಕ್ಕಳ ರೋಗ ತಾತ್ಕಾಲಿಕವಾಗಿ ಹಿಂದೆ ಸರಿದಿತ್ತು. ಅಲ್ಲಿಯವರೆಗೆ ಒಂದು ಔಷಧಕ್ಕೂ ಬಗ್ಗದ ರೋಗ ಅದು. ಅಮಿನೊಪ್ಟೆರಿನ್ನಿಗಿಂತ ಸ್ವಲ್ಪ ಸೌಮ್ಯವಾದ ಅದರ ತಂಗಿಯೇ ಮೆಥೋಟ್ರೆಕ್ಸೇಟ್. ಅದೂ ಲೆಡರ್ಲಿಯದ್ದೇ.

ಹಂಗಾರ ಪಕ್ಕದ ಮನೆಯ ಹುಡುಗ ಸುಳ್ಳು ಹೇಳಿದನೇನು? ಇಲ್ಲ, ಅರ್ಧ ಹೇಳಿದ. ಉಳಿದರ್ಧ ಹೀಗದ. 1951ರಲ್ಲಿ ಅಮೆರಿಕದ ಗಬ್ನರ್ ಮತ್ತು ಸಂಗಡಿಗರು ಅಮಿನೊಪ್ಟೆರಿನ್ನನ್ನು ರುಮಟಾಯ್ಡ್ ಆರ್ಥ್ರೈಟಿಸ್ ಮತ್ತು ಸೋರಿಯಾಸಿಸ್ ರೋಗಿಗಳಿಗೆ ಕೊಟ್ಟು ನೋಡಿದರು. ಬಾವು ಇಳಿಯಿತು, ಚರ್ಮ ತಿಳಿಯಾಯಿತು. ಆದರೆ ಆಗಷ್ಟೇ ಕಾರ್ಟಿಸೋನ್ ಬಂದಿತ್ತು, ಎಲ್ಲರ ಕಣ್ಣು ಆ ಕಡೆ. ಮೆಥೋಟ್ರೆಕ್ಸೇಟ್ ಸೋರಿಯಾಸಿಸ್ ವೈದ್ಯರ ಕೈಯಲ್ಲಿ ಉಳಿದು, ಕೀಲುರೋಗಕ್ಕೆ ಮತ್ತೆ ಬರುವಷ್ಟರಲ್ಲಿ ಮೂವತ್ತು ವರ್ಷ ಕಳೆಯಿತು.

ಕ್ಯಾನ್ಸರಿಗೆ ಕೊಡುವ ಪ್ರಮಾಣಕ್ಕೂ ಕೀಲುರೋಗಕ್ಕೆ ಕೊಡುವ ಪ್ರಮಾಣಕ್ಕೂ ಬಹಳ ಅಂತರ ಇದೆ. ಕೀಲಿಗೆ ಸಾಮಾನ್ಯವಾಗಿ ವಾರಕ್ಕೆ 7.5ರಿಂದ 25 ಮಿಲಿಗ್ರಾಂ, ಅಷ್ಟೇ. ಅಷ್ಟು ಕಡಿಮೆ ಪ್ರಮಾಣದಲ್ಲಿ ಅದು ಜೀವಕೋಶ ಕೊಲ್ಲುವ ಕೆಲಸಕ್ಕಿಂತ ಬಾವು ತಣಿಸುವ ಕೆಲಸವನ್ನೇ ಹೆಚ್ಚಾಗಿ ಮಾಡ್ತದ. ಅಡೆನೊಸಿನ್ ಎಂಬ ಪದಾರ್ಥ ಜೀವಕೋಶಗಳ ಹೊರಗೆ ಹೆಚ್ಚಾಗಿ, ಕೆರಳಿದ ಕಾವಲು ಕೋಶಗಳನ್ನು ಸುಮ್ಮನಾಗಿಸುತ್ತದೆ ಅನ್ನೋದು ಇಂದಿನ ಮುಖ್ಯ ವಿವರಣೆಗಳಲ್ಲೊಂದು. ಎ.ಟಿ.ಪಿ.ಯ ಮೊದಲ ಅಕ್ಷರ ಇದೇ ಅಡೆನೊಸಿನ್ನಿನದು. 1929ರ ಸುಬ್ಬರಾವ್ ಇಲ್ಲಿ ಇನ್ನೊಂದು ಬಾಗಿಲಿನಿಂದ ಒಳಗೆ ಬರ್ತಾರ.

ಇದರಿಂದಲೇ ಎರಡನೇ ಗುಳಿಗಿಯ ಒಗಟೂ ಬಿಚ್ಚುತ್ತದೆ. ಫೋಲಿಕ್ ಆ್ಯಸಿಡ್ಡಿಗೆ ಅಡ್ಡಬರುವ ಔಷಧ ಕೊಟ್ಟು, ಮತ್ತೆ ಫೋಲಿಕ್ ಆ್ಯಸಿಡ್ಡನ್ನೇ ಯಾಕೆ ಕೊಡಬೇಕು ಅಂತ ನಮ್ಮ ಗ್ರೂಪಿನಲ್ಲಿ ಅರ್ಧ ಮಂದಿ ಕೇಳಿದ್ದರು. ಬ್ರೇಕು, ಎಕ್ಸಲರೇಟರ್ ಎರಡೂ ಒಟ್ಟಿಗೆ ಒತ್ತಿದಂತೆ ಕಾಣ್ತದ. ಬಾವು ತಣಿಸುವ ಕೆಲಸ ಬಹುಪಾಲು ಬೇರೆ ದಾರಿಯಲ್ಲಿ ನಡೆಯೋದರಿಂದ, ಫೋಲಿಕ್ ಆ್ಯಸಿಡ್ ಕೊಟ್ಟರೂ ಅದಕ್ಕೆ ಹೆಚ್ಚು ಧಕ್ಕೆ ಆಗೋದಿಲ್ಲ. ಬಾಯಿಹುಣ್ಣು, ವಾಕರಿಕೆ, ಲಿವರಿಗೆ ಬೀಳುವ ಪೆಟ್ಟು ಮಾತ್ರ ಕಡಿಮೆ ಆಗುತ್ತವೆ.

ಒಂದು ವಿಷಯದಲ್ಲಿ ಮಾತ್ರ ತಮಾಷೆ ಇಲ್ಲ. ವಾರಕ್ಕೊಮ್ಮೆ ಅಂದರೆ ವಾರಕ್ಕೊಮ್ಮೆಯೇ. ದಿನಾ ಗುಳಿಗಿ ತಿಂದು ರೂಢಿ ಇರುವ ಮನೆಗಳಲ್ಲಿ ಇದನ್ನೂ ದಿನಾ ನುಂಗಿ, ಬಾಯೆಲ್ಲ ಹುಣ್ಣಾಗಿ, ಎಲುಬಿನ ಮಜ್ಜೆ ರಕ್ತ ತಯಾರಿಸೋದನ್ನೇ ನಿಲ್ಲಿಸಿ, ಜೀವ ಹೋದ ಪ್ರಸಂಗಗಳು ಜಗತ್ತಿನಾದ್ಯಂತ ವರದಿಯಾಗಿವೆ. ವಾರದ ಒಂದು ದಿನ, ಐತವಾರವೋ ಗುರುವಾರವೋ, ಗೊತ್ತುಮಾಡಿ ಕ್ಯಾಲೆಂಡರಿನ ಮೇಲೆ ಗುರುತು ಹಾಕೋದು ಒಳ್ಳೇದು. ಗುಣ ಕಾಣಲು ಆರರಿಂದ ಹನ್ನೆರಡು ವಾರ ಬೇಕು. ಎರಡನೇ ವಾರಕ್ಕೇ ನೋವು ಹೋಗಲಿಲ್ಲ ಅಂತ ಬಿಡೋದೂ ತಪ್ಪು, ಎರಡು ಪಟ್ಟು ನುಂಗೋದು ಇನ್ನೂ ದೊಡ್ಡ ತಪ್ಪು. ನಡುನಡುವೆ ರಕ್ತಕಣ, ಲಿವರ್, ಮೂತ್ರಪಿಂಡದ ಪರೀಕ್ಷೆ ಬೇಕೇ ಬೇಕು. ಬಸುರಿಯರು, ಬಸುರಾಗುವ ಯೋಚನೆಯಲ್ಲಿರುವವರು ಇದನ್ನು ತೆಗೆದುಕೊಳ್ಳುವಂತಿಲ್ಲ. ಕುಡಿಯುವ ಚಟ ಇದ್ದವರು ಡಾಕ್ಟರಿಗೆ ಮುಚ್ಚಿಡಬಾರದು. ಜ್ವರ, ಒಣಕೆಮ್ಮು, ಬಾಯಿಹುಣ್ಣು ಬಂದರೆ ಮುಂದಿನ ಗುಳಿಗಿಗೆ ಮೊದಲು ದವಾಖಾನಿಗೆ ಹೋಗಬೇಕು. ಡಾಬಕಾದಿಂದ ಬೀದರಿಗೆ ಬಸ್ಸು ಹಿಡಿದು ರಕ್ತ ಪರೀಕ್ಷೆಗೆ ಬರಬೇಕು ಅಂದರೆ ಒಂದು ದಿನದ ಕೂಲಿ ಹೋಗ್ತದ ಅನ್ನೋದು ನಮಗೂ ಗೊತ್ತದ. ಆದರೂ ಈ ಔಷಧದ ಮಟ್ಟಿಗೆ ಪರೀಕ್ಷೆಯೂ ಔಷಧದ ಭಾಗವೇ.

ಸುಬ್ಬರಾವ್ ಇದ್ಯಾವುದನ್ನೂ ನೋಡಲಿಲ್ಲ. 1948 ಅವರ ಪಾಲಿಗೆ ವಿಚಿತ್ರ ವರ್ಷ. ಜೂನಿನಲ್ಲಿ ಫಾರ್ಬರ್ ವರದಿ ಬಂತು. ಜುಲೈಯಲ್ಲಿ ಆರಿಯೊಮೈಸಿನ್ ಸುದ್ದಿ ನ್ಯೂಯಾರ್ಕಿನ ವಿಜ್ಞಾನಿಗಳ ಸಭೆಯಲ್ಲಿ ಹೊರಬಿತ್ತು. ಆಗಸ್ಟಿನ ಎರಡನೇ ವಾರ ಶುರುವಾಗುವ ಹೊತ್ತಿಗೆ ಅವರು ನಿದ್ದೆಯಲ್ಲೇ ಹೃದಯ ನಿಂತು ತೀರಿಕೊಂಡಿದ್ದರು. ವಯಸ್ಸು 53. ಭಾರತೀಯರು ಅಮೆರಿಕದ ಪೌರರಾಗುವ ಹಕ್ಕು ಎರಡೇ ವರ್ಷದ ಹಿಂದೆ, 1946ರಲ್ಲಿ ಬಂದಿತ್ತು. ಇವರು ಆಗದೆಯೇ ಹೋದರು. ಸಭೆಗಳಲ್ಲಿ ಮುಂದೆ ನಿಲ್ಲುವ ಸ್ವಭಾವ ಇವರದಲ್ಲ. ಪ್ರಬಂಧಗಳಲ್ಲಿ ಕೈಕೆಳಗಿನವರ ಹೆಸರು ಮುಂದಿಟ್ಟು ತಾವು ಹಿಂದೆ ಉಳಿಯುತ್ತಿದ್ದರು. ಅದಕ್ಕೇ ಏನೋ ನಮ್ಮ ದೇಶ ಇವರನ್ನು ನೆನಪಿಸಿಕೊಂಡು ಅಂಚೆಚೀಟಿ ತರಲು 1995ರ ಜನ್ಮಶತಮಾನೋತ್ಸವವೇ ಬರಬೇಕಾಯಿತು. ಒಂದು ಶಿಲೀಂಧ್ರಕ್ಕೆ ಸುಬ್ಬರೊಮೈಸಿಸ್ ಅಂತ ಹೆಸರಿದೆ. ಬೂಷ್ಟಿಗೆ ತಮ್ಮ ಹೆಸರಿಟ್ಟಿದ್ದು ಕೇಳಿದ್ದರೆ ಅವರು ಬೇಸರ ಮಾಡಿಕೊಳ್ಳುತ್ತಿರಲಿಲ್ಲ ಅಂತ ನಮಗನಿಸುತ್ತದೆ.

1985ರಲ್ಲಿ ಕಡಿಮೆ ಪ್ರಮಾಣದ ಮೆಥೋಟ್ರೆಕ್ಸೇಟ್ ರುಮಟಾಯ್ಡ್ ಆರ್ಥ್ರೈಟಿಸ್ ಮೇಲೆ ಖಂಡಿತ ಕೆಲಸ ಮಾಡ್ತದ ಅಂತ ತೋರಿಸಿದ ಹೆಸರಾಂತ ಪ್ರಯೋಗವೊಂದು ಪ್ರಕಟವಾಯಿತು. ಯಾರಿಗೆ ಔಷಧ, ಯಾರಿಗೆ ಬರೀ ಹಿಟ್ಟಿನ ಗುಳಿಗಿ ಅಂತ ರೋಗಿಗೂ ವೈದ್ಯರಿಗೂ ತಿಳಿಯದಂತೆ ನಡೆಸಿದ ಪ್ರಯೋಗ. ಮೈಕೆಲ್ ವೈನ್‌ಬ್ಲಾಟ್ ಮತ್ತು ಸಂಗಡಿಗರು ಅದನ್ನು ನಡೆಸಿದ್ದು ಬಾಸ್ಟನ್ನಿನ ಬ್ರಿಗಮ್ ಆ್ಯಂಡ್ ವಿಮೆನ್ಸ್ ಆಸ್ಪತ್ರೆಯಲ್ಲಿ. 1980ರಲ್ಲಿ ಮೂರು ಆಸ್ಪತ್ರೆ ಸೇರಿ ಆದದ್ದು ಅದು. ಆ ಮೂರರಲ್ಲಿ ಒಂದು ಪೀಟರ್ ಬೆಂಟ್ ಬ್ರಿಗಮ್, ರಾತ್ರಿ ಪಾಳಿಯಲ್ಲಿ ಸುಬ್ಬರಾವ್ ಪಾತ್ರೆ ತೊಳೆದ ಆಸ್ಪತ್ರೆ.

ಅಮೆರಿಕದ ಸರಕಾರ ಕೀಲುರೋಗಕ್ಕೆ ಈ ಔಷಧವನ್ನು ಒಪ್ಪಿದ್ದು 1988ರಲ್ಲಿ. ಅದೇ ವರ್ಷ ವೈದ್ಯದ ನೊಬೆಲ್ ಹಂಚಿಕೊಂಡವರಲ್ಲಿ ಜಾರ್ಜ್ ಹಿಚಿಂಗ್ಸ್ ಒಬ್ಬರು. ಫಿಸ್ಕೆ ಪ್ರಯೋಗಾಲಯದಲ್ಲಿ ಸುಬ್ಬರಾವ್ ಜೊತೆಗಿದ್ದು, ಹೊರಬರದ ಆ ಕೆಲಸಗಳ ಬಗ್ಗೆ ಹೇಳಿದವರು. ಅವರ ತಂಡ ಮಾಡಿದ ಅಜಥಯೊಪ್ರಿನ್ ಇಂದು ಲೂಪಸ್ ರೋಗಿಗಳ ಚೀಟಿಗಳಲ್ಲಿ ಇರ್ತದ.